ತಿಪ್ಪೆಯ ಮೇಲಿಟ್ಟ ಹೆಸರು

೧೯೭೮ರ ಜೂನ್. ದಾಸರಹಳ್ಳಿಯ ಶಾಲೆಯಲ್ಲಿ ಅಡ್ಮಿಷನ್ನಿಗೆ ಉದ್ದನೆಯ ಸಾಲು. ತಂಗಿಯನ್ನು ಸೇರಿಸಲು ಬಂದಿದ್ದ ಜಯಸಿಂಹನಿಗೆ ಮುಂದೆ ನಿಂತಿದ್ದ ತಾಯಿ-ಮಗನ ಜಗಳ ಸಿನಿಮಾದ ಕ್ಲೈಮ್ಯಾಕ್ಸಿನಂತೆ ಕೇಳಿಸಿತು. ಒಂದು ವಿಷಲ್ ಹೊಡೆಯೋಣವೆನ್ನಿಸಿತು. ಮಗ ನರಸಪ್ಪ ಪೀಣ್ಯದ ಫ್ಯಾಕ್ಟರಿಯ ಖಾಕಿಯಲ್ಲೇ ಬಂದಿದ್ದ. ಅವನ ಬೆರಳು ಹಿಡಿದು ಆರು ವರ್ಷದ ಮಗಳು ನಿಂತಿದ್ದಳು.

“ವಾಸಂತಿ ಅಂತ ಬರೆಸ್ತೀನಿ ಕಣವ್ವ. ತಿಪ್ಪಮ್ಮ ಅಂದ್ರೆ ಇಸ್ಕೂಲಲ್ಲಿ ಐಕ್ಳು ನಗ್ತವೆ.”

“ನಗ್ಲಿ ಬಿಡು. ನಕ್ರೆ ಯಾರೂ ಸಾಯಕಿಲ್ಲ.”

“ಮೆಲ್ಲಗೆ ಮಾತಾಡವ್ವ, ಜನ ನೋಡ್ತಾವ್ರೆ.”

“ಇವಳಿಗಿಂತ ಮುಂಚೆ ಎರಡು ಕೂಸಿಗೆ ಚೆಂದಚೆಂದದ ಎಸ್ರೇ ಇಟ್ಟಿದ್ದೆ. ಎಲ್ಲವ್ರೆ ಈಗ? ಮಣ್ಣು ಮಾಡ್ದೋನು ನೀನೇ ಅಲ್ವಾ?”

ಸಾಲು ಸರಿಯಿತು; ನರಸಪ್ಪ ಮಗಳನ್ನು ಒಂದು ಹೆಜ್ಜೆ ಮುಂದೆ ನಡೆಸಿದ.

“ಇವಳು ಉಟ್ಟಿದ ದಿನ ಮೊರದಲ್ಲಿ ಮಲಗಿಸಿ ತಿಪ್ಪೆ ಮೇಲಿಟ್ಟೆ. ಯಾರಿಗೂ ಬ್ಯಾಡದ ಕೂಸು ಅಂದ್ಕೊಂಡು ಜವರಾಯ ಅಂಗೇ ಒಂಟೋದ. ಈಗ ಚೆಂದದ ಎಸ್ರಿಟ್ಟು ನೀನೇ ಅವನ್ನ ಕರೆದು ತೋರಿಸ್ತೀಯಾ?”

“ಅದೆಲ್ಲ ಸುಳ್ಳು ಕಣವ್ವ. ಡಾಕ್ಟ್ರು ಸೂಜಿ ಹಾಕಿದ್ದಕ್ಕೆ ಉಳಕೊಂಡ್ಳು.”

“ಅಂಗಾದ್ರೆ ಬರೆಸು. ಧೈರ್ಯ ಇದ್ರೆ ಬರೆಸು.”

ಜಯಸಿಂಹನ ತುಟಿಗೆ ಬಂದಿದ್ದ ವಿಷಲ್ ಅಲ್ಲೇ ಆರಿಹೋಯಿತು.

ಕಿಟಕಿಯೊಳಗಿಂದ ಗುಮಾಸ್ತರು ಕೇಳಿದರು. “ಮಗು ಹೆಸರೇನ್ರೀ?”

ನರಸಪ್ಪ ಮಗಳ ಮುಖವನ್ನೇ ನೋಡಿದ.

“ತಿಪ್ಪಮ್ಮ, ಸಾರ್.”

“ಜೋರಾಗಿ ಹೇಳ್ರೀ, ಕೇಳಿಸ್ಲಿಲ್ಲ.”

“ತಿಪ್ಪಮ್ಮ!”

ಗುಮಾಸ್ತರು ಬರೆದುಕೊಂಡರು.

“ಅಪ್ಪಾ, ವಾಸಂತಿ ಅಂತ ಬರೆಸ್ತೀನಿ ಅಂದಿದ್ದೆಯಲ್ಲಾ?”

ನರಸಪ್ಪ ಅವಳನ್ನು ಎದೆಗೆ ಬಿಗಿಯಾಗಿ ಎತ್ತಿಕೊಂಡು ಗೇಟಿನತ್ತ ಬಿರಬಿರನೆ ನಡೆದ.