ಹನ್ನೆರಡನೆಯ ಹೋಳಿಗೆ

ಹಡಗಲಿಯ ಪಶು ಆಸ್ಪತ್ರೆಯ ಕಟ್ಟೆಯ ಮೇಲೆ ನನ್ನ ಸರದಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಆಡು ಹಿಡಿದುಕೊಂಡ ಹೆಂಗಸೊಬ್ಬಳಿದ್ದಳು. ಅವಳಾಚೆ ಒಬ್ಬ ಮುದುಕಿ. ಮುದುಕಿಯ ಕಾಲ ಬಳಿ ಗೋಣಿಚೀಲದ ಮೇಲೆ ದಪ್ಪನೆಯ ಕರಿ ನಾಯಿ ಮಲಗಿತ್ತು.

“ಗಬ್ಬ ಐತೇನಮ್ಮಾ?” ಎಂದಳು ಆಡಿನವಳು.

“ಗಂಡು ನಾಯಿ ಐತವ್ವ. ಸಕ್ಕರಿ ಕಾಯಿಲಿ.”

“ಮನಷ್ಯಾರಿಗೆ ಬರೋ ಸಕ್ಕರಿನಾ?”

“ಹೂಂ. ಕಣ್ಣೂ ಹೋಗ್ಯಾವು.”

“ಏನ್ ಹಾಕ್ತಿದ್ರಿ ಇದಕ್ಕ?”

“ಡಾಕ್ಟರು ಹೇಳಿದಂಗ ಹಾಕ್ತಿದ್ದೆ. ಎರಡು ಹೊತ್ತು ಬೇಯಿಸಿದ ತತ್ತಿ, ಸೊಪ್ಪು, ಅರ್ಧ ರೊಟ್ಟಿ. ಉಂಡ ಮ್ಯಾಲೆ ಸೂಜಿ.”

“ಮತ್ಯಾಕ ಹಿಂಗಾತು?”

“ನಮ್ಮ ಓಣ್ಯಾಗ ಐತಾರ ಬಂದ್ರ ಮೈಲಾರಲಿಂಗನ ಎಡಿ ಮೊದಲು ನಾಯಿಗೆ ಹಾಕ್ಬೇಕು. ಹಾಕದ ಯಾರೂ ಉಣ್ಣಂಗಿಲ್ಲ. ಓಣಿಗೆಲ್ಲ ಇದೊಂದ ನಾಯಿ. ನಮ್ಮನಿ ಬಿಟ್ಟು ಹನ್ನೊಂದು ಮನಿ, ಹನ್ನೊಂದು ಹೋಳಿಗಿ.”

ಹೋಳಿಗಿ ಎಂದದ್ದೇ ತಡ, ನಾಯಿ ಬಾಲ ಅಲ್ಲಾಡಿಸಿತು.

“ಒಳಗ ಕಟ್ಟಿ ಹಾಕ್ಬೇಕಿತ್ತು.”

“ಹಾಕಿದೆ. ಬಾಗಲಾನೂ ಮುಚ್ಚಿದೆ. ದೇವರ ನಾಯಿನ ಉಪಾಸ ಕೆಡವ್ಯಾಳ ಅಂತ ಬೈಕೊಂತ ಕಿಟಕ್ಯಾಗ ಒಗದು ಹೋದ್ರು.”

“ನೀವಾದ್ರೂ ನಿಲ್ಲಿಸಿದ್ರೋ ಇಲ್ಲೋ?”

ಮುದುಕಿ ನಾಯಿಯ ಕಿವಿ ಸವರಿದಳು.

“ನಿಲ್ಲಿಸಿದ್ನೆವ್ವ. ನಿಲ್ಲಿಸಿದ ವಾರಾನ ಮೊಮ್ಮಗಳಿಗೆ ಜ್ವರ ಬಂತು. ದೇವರು ಮುನಿಸ್ಕಂಡಾನ ಅಂತ ಅಂಜಿದೆ. ಮುಂದಿನ ಐತಾರ ಹನ್ನೆರಡನೇದು ನಾನ ತಿನ್ನಿಸಿದೆ.”

“ಜ್ವರ ಬಿಡ್ತಾ?”

“ಎಡಿ ಹಾಕೋಕಿಂತ ಮೊದಲ ಬಿಟ್ಟಿತ್ತು.”

ಒಳಗಿಂದ ಕರೆದರು. ನಾಯಿಯನ್ನು ಎತ್ತಲಾಗದೆ ಮುದುಕಿ ಗೋಣಿಚೀಲದ ಸಮೇತ ಎಳೆದುಕೊಂಡು ಹೋದಳು.