ಹೊಸ ಕಂಪ್ಯೂಟರಿಗೆ ಕಾಣದ ಮನೆ

ಹಲೋ... ಹಲೋ, ಯಾರು ಮಾತಾಡ್ತಿರೋದು? ಸಿದ್ರಾಮನೇನಾ?... ಸಿದ್ರಾಮ, ನಾನಪ್ಪಾ, ವನಜಕ್ಕ. ಕಾಡುಗೋಡಿ ವನಜಕ್ಕ... ಹಾಂ, ಹಾಂ, ಚಿಕ್ಕಬೈರಪ್ಪನವರ ಸೊಸೆ. ನೀನು ಓದೋವಾಗ ಹಿಂದಿನ ರೂಮಲ್ಲಿ ಬಾಡಿಗೆಗಿದ್ದೆಯಲ್ಲ, ಆ ಮನೆ.

...ನಿಮ್ಮೂರ ಯಂಕಪ್ಪ ಈಗ ನಮ್ಮ ಮೇಲಿನ ಮಹಡೀಲಿದಾನೆ, ಅವನ ಹತ್ರ ನಂಬರ್ ಇಸ್ಕೊಂಡೆ. ನೀನು ಆರಾಮು ತಾನೇ?... ಇರ್ಲಿ, ಅದೆಲ್ಲ ಆಮೇಲೆ. ಸಿದ್ರಾಮ, ನೀನು ಆ ಗುಂಡು ಹಾರಿಸೋ ಗೇಮಲ್ಲಿ ನಮ್ಮೂರು ಕಟ್ಟಿದ್ದೆಯಲ್ಲ, ಅದು ಓಪನ್ ಆಗ್ತಿಲ್ಲ ಕಣೋ!

...ನಗ್ಬೇಡ. ನಗೋ ವಿಷ್ಯ ಅಲ್ಲ ಇದು... ಹೂಂ, ಅದೇ. ಮುಂದಿನ ಅಂಗಡೀಲಿ ಇವ್ರು ಗೇಮ್ ಪಾರ್ಲರ್ ಇಟ್ಟಿದ್ದಾಗ ಮಾಡಿದ್ದು. ಅರಳಿಕಟ್ಟೆ, ಸೇದೋ ಬಾವಿ, ನಮ್ಮ ಹಳೇ ಹೆಂಚಿನ ಮನೆ, ಎಲ್ಲಾ ಹಾಗ್ಹಾಗೇ ಕಟ್ಟಿ, ನಮ್ಮ ಹೆಂಚಿನ ಮೇಲೇ ಹತ್ಕೊಂಡು ಒಬ್ಬರಿಗೊಬ್ಬರು ಗುಂಡು ಹಾರಿಸ್ತಿದ್ರಲ್ಲ, ಅದೇ.

...ಆಡೋಕಲ್ಲಪ್ಪ. ನನಗ್ಯಾಕೆ ಈ ವಯಸ್ಸಲ್ಲಿ ಆಟ? ಅತ್ತೆಗೆ. ನೀನು ದೊಡ್ಡಮ್ಮ ದೊಡ್ಡಮ್ಮ ಅಂತಿದ್ದೆಯಲ್ಲ ವಸಂತಮ್ಮ, ಅವರಿಗೆ.

...ಇದಾರೆ. ಇದಾರೆ ಅಂದ್ರೆ ಇದಾರೆ. ಮರೆವು ಬಂದ್ಬಿಟ್ಟಿದೆ ಸಿದ್ರಾಮ. ಒಂದೊಂದ್ಸಲ ನನ್ನನ್ನೇ ಯಾರಮ್ಮ ನೀನು ಅಂತಾರೆ. ಸಂಜೆ ಆಯ್ತು ಅಂದ್ರೆ ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಗೇಟ್ ಹತ್ರ ನಿಂತ್ಕೋತಾರೆ. ‘ದೀಪ ಅಚ್ಚೋ ಒತ್ತಾಯ್ತು, ಮನೇಗೆ ಓಗ್ಬೇಕು’ ಅಂತ. ಇದೇ ಮನೆ ಅತ್ತೆ ಅಂದ್ರೆ ಕೇಳಲ್ಲ. ಅವರು ಹೇಳೋದ್ರಲ್ಲೂ ತಪ್ಪಿಲ್ಲ ಬಿಡು. ಆ ಮನೆ ಕೆಡವಿ, ಅದೇ ಜಾಗದಲ್ಲಿ ತಾನೇ ನಾವು ಈ ನಾಲ್ಕು ಅಂತಸ್ತು ಎಬ್ಬಿಸಿರೋದು. ಮನೆ ಇದ್ದ ಜಾಗದಲ್ಲೇ ನಿಂತ್ಕೊಂಡು ಮನೆ ಹುಡುಕ್ತಾರೆ.

...ಅದೇ ಹೇಳ್ತಿದೀನಿ ಕೇಳು. ಒಂದಿನ ಇವ್ರು ಹಳೇ ಕಂಪ್ಯೂಟರ್ ಧೂಳು ಹೊಡೆದು ನಿನ್ನ ಆ ಊರು ತೋರಿಸಿದ್ರು. ಸುಮ್ನಾಗ್ಬಿಟ್ರು ಅತ್ತೆ! ಅವತ್ತಿಂದ ದಿನಾ ಸಂಜೆ ನಮ್ಮಿಬ್ಬರದೂ ಅದೇ ಕೆಲ್ಸ. ಅರಳಿಕಟ್ಟೆಯಿಂದ ಹೊರಟು, ಬಾವಿ ದಾಟಿ, ನಮ್ಮ ಜಗಲಿವರೆಗೂ ನಡ್ಕೊಂಡು ಹೋಗೋದು. ಗೇಮಲ್ಲಿ ನಮ್ಮ ಕೈಯಲ್ಲಿ ಬಂದೂಕು ಕಂಡ್ರೆ ಹೆದರ್ಕೋತಾರೆ, ಅದಕ್ಕೆ ಬಟನ್ ಒತ್ತಿ ಚಾಕು ಮಾಡ್ಕೋತೀನಿ. ಚಾಕು ಆದ್ರೆ ಸೊಪ್ಪು ಕುಯ್ಯೋಕೆ ಹೋಗಿದ್ವಿ ಅಂದ್ಕೋತಾರೆ. ಜಗಲಿ ಬಂತು ಅಂದ್ರೆ ಚಪ್ಪಲಿ ಬಿಟ್ಟು, ಕಾಲು ಮಡಿಸ್ಕೊಂಡು ಕೂತು, ಊಟ ಮಾಡಿ ಮಾತ್ರೆ ನುಂಗ್ತಾರೆ.

...ಒಳಗೆಲ್ಲಿ ಹೋಗೋದು? ನೀನು ಒಳಗೆ ಕಟ್ಟೇ ಇಲ್ವಲ್ಲೋ. ಬಾಗಿಲು ಬರೀ ಚಿತ್ರ... ಗೊತ್ತು ಕಣಪ್ಪ, ನೀನು ಜಗಲಿವರೆಗೆ ತಾನೇ ಬರ್ತಿದ್ದಿದ್ದು. ನಾವೂ ಯಾವತ್ತೂ ಒಳಗೆ ಬಾ ಅನ್ಲಿಲ್ಲ... ದಿನಾ ಬಾಗಿಲು ತೆಗಿ ಅಂತಾರೆ. ಬೀಗದ ಕೈ ಮಾವನ ಹತ್ರ ಇದೆ, ಹೊಲದಿಂದ ಬರ್ತಾರೆ ಇರಿ ಅಂತೀನಿ... ಹೂಂ, ಮಾವ ಹೋಗಿ ಬಹಳ ವರ್ಷ ಆಯ್ತು. ಅವರಿಗೆ ಹೇಗಪ್ಪಾ ಹೇಳ್ಲಿ?

...ಈಗ ಏನಾಗಿದೆ ಅಂದ್ರೆ, ಇವ್ರು ಅಮ್ಮಂಗೆ ಊರು ದೊಡ್ಡದಾಗಿ, ಚೆನ್ನಾಗಿ ಕಾಣ್ಲಿ ಅಂತ ಹೊಸಾ ಕಂಪ್ಯೂಟರ್ ತಂದಿದಾರೆ. ಗೇಮ್ ಆಡೋರಿಗೆ ಅಂತ್ಲೇ ಮಾಡಿರೋದಂತೆ, ಒಳಗೆ ಇಟ್ಟಿಗೆ ಗಾತ್ರದ ಗ್ರಾಫಿಕ್ಸ್ ಕಾರ್ಡು, ಕೆಂಪು ನೀಲಿ ಲೈಟ್ ಬೇರೆ. ಹಳೇದನ್ನ ಗುಜರಿಗೆ ಹಾಕ್ಬಿಟ್ರು... ಗೇಮ್ ಕಾಪಿ ಮಾಡ್ಕೊಂಡೇ ಹಾಕಿದ್ದು, ಅಷ್ಟು ಬುದ್ಧಿ ಇತ್ತು. ಆದ್ರೆ ಒತ್ತಿದ್ರೆ ಕಪ್ಪಗಾಗುತ್ತೆ, ಆಚೆ ಬಂದ್ಬಿಡುತ್ತೆ. ಮೊನ್ನೆಯಿಂದ ಇದೇ ಗೋಳು. ನಿನ್ನೆ ನಾನು ಹಾಲು ತರೋಕೆ ಹೋಗಿ ಬರೋಷ್ಟರಲ್ಲಿ ಅತ್ತೆ ಗೇಟ್ ದಾಟಿ, ಮೆಟ್ರೋ ಕಂಬದ ಕೆಳಗೆ, ಆ ಕ್ಯಾಬು ಬಸ್ಸುಗಳ ಮಧ್ಯೆ ನಿಂತಿದ್ರು ಸಿದ್ರಾಮ. ಇವತ್ತು ಬೆಳಿಗ್ಗೆಯಿಂದ ಒಂದು ತುತ್ತು ಮುಟ್ಟಿಲ್ಲ, ಮನೇಗೆ ಹೋಗೇ ಉಣ್ತೀನಿ ಅಂತ ಹಠ. ಇವ್ರು ನೋಡಿದ್ರೆ ಪೀಣ್ಯಕ್ಕೆ ಹೋಗಿ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದಾರೆ.

...ಏನು? ಫ್ಯಾಕ್ಟರಿ ಗೇಟಲ್ಲಿ ಫೋನ್ ಇಸ್ಕೋತಾರಾ? ಶಿಫ್ಟ್ ಶುರುವಾ? ಅಯ್ಯೋ, ಇನ್ನೆಷ್ಟು ದೂರ ಇದೆ ಬೊಮ್ಮಸಂದ್ರ?... ಬೇಡ ಬೇಡ, ಬೆಳಿಗ್ಗೆ ಬೇಡ ಕಣೋ, ಕೈ ಮುಗೀತೀನಿ. ಬಸ್ಸಲ್ಲಿ ಕೂತ್ಕೊಂಡೇ ಹೇಳು, ನೀನು ಹೇಳಿದ್ದು ಹೇಳಿದ ಹಾಗೆ ಒತ್ತಿಕೊಂಡು ಹೋಗ್ತೀನಿ.

...ರೈಟ್ ಕ್ಲಿಕ್. ಹಾಂ. ಪ್ರಾಪರ್ಟೀಸ್... ಬಂತು. ಕಂಪ್ಯಾಟಿಬಿಲಿಟಿ... ಹಳೇ ವಿಂಡೋಸ್ ಆರಿಸ್ಲಾ? ಓ, ಇದು ಹಳೇ ಕಂಪ್ಯೂಟರೇ ಅಂತ ಗೇಮಿಗೆ ನಂಬಿಸೋದು, ಅಲ್ವಾ? ಅತ್ತೆಗೆ ಮಾಡೋದೂ ಅದೇ ತಾನೇ ನಾನು... ಟಿಕ್ ಹಾಕಿದೆ. ಬನ್ನಿ ಅತ್ತೆ, ಇಲ್ಲಿ ಕೂತ್ಕೊಳ್ಳಿ, ಹೊರಟ್ವಿ ಈಗ.

...ಬಂತು! ಸಿದ್ರಾಮ, ಬಂತು ಕಣೋ! ಅರಳಿಮರ... ಬಾವಿ... ತಡಿ. ತಡಿ, ಇದೇನಿದು? ಮನೆ ಎಲ್ಲಿ?... ಇಲ್ಲ ಕಣೋ, ಒಂದು ಮನೆಯೂ ಇಲ್ಲ. ಬಾವಿ ಇದೆ, ನೆಲ ಇದೆ, ಮನೆ ಇರ್ಬೇಕಾದ ಕಡೆಯೆಲ್ಲ ಬರೀ ಆಕಾಶ. ನೋಡ್ಬೇಡಿ ಅತ್ತೆ!... ಅಯ್ಯೋ, ಅಳ್ಬೇಡಿ. ಇಲ್ಲ, ಇಲ್ಲ, ಯಾರೂ ಕೆಡವಿಲ್ಲ.

...ಕೇಳಿಸ್ತಾ ನಿನಗೆ? ‘ನಾನು ಸೊಪ್ಪಿಗೆ ಓಗಿದ್ದಾಗ ಕೆಡವ್ಬುಟ್ರಲ್ಲೇ’ ಅಂತ ಎದೆ ಎದೆ ಬಡ್ಕೋತಿದಾರೆ. ನಿಜವಾಗ್ಲೂ ಕೆಡವಿದಾಗ ಅತ್ತೆ ಕಣ್ಣೀರು ಹಾಕಿರ್ಲಿಲ್ಲ ಸಿದ್ರಾಮ. ಜೆಸಿಬಿಯವನಿಗೆ ಮಜ್ಜಿಗೆ ಕೊಟ್ಟಿದ್ರು... ಏನಾದ್ರೂ ಮಾಡೋ! ಯಾಕೋ ಕಾಣಲ್ಲ ಅದು?

...ಹೊಸ ಕಾರ್ಡಿಗೆ ಹಳೇ ಗೇಮ್ ಹೇಳೋದು ಅರ್ಥ ಆಗಲ್ವಾ? ಅರ್ಥ ಆಗದೇ ಇದ್ದಿದ್ದನ್ನ ಬಿಟ್ಟೇ ಬಿಡುತ್ತಾ? ಹಾಗಾದ್ರೆ ಆ ಕಾರ್ಡನ್ನ ಕಿತ್ತು ಬಿಸಾಕ್ಲಾ?... ಬೇಡ್ವಾ? ಬೇಗ ಹೇಳು. ಆಪ್ಷನ್ಸ್... ವಿಡಿಯೋ... ಸಾಫ್ಟ್‌ವೇರ್ ಅಂತ ಇದೆ, ಅದೇನಾ? ಕಾರ್ಡಿನ ಗೊಡವೆ ಇಲ್ದೆ ಕಂಪ್ಯೂಟರೇ ಚಿತ್ರ ಬರ್ಕೊಳ್ಳುತ್ತಾ? ಒತ್ತಿದೆ. ಒತ್ತಿದೀನಿ ಕಣೋ... ಕಪ್ಪಗಿದೆ... ಇನ್ನೂ ಕಪ್ಪಗೇ ಇದೆ... ಮುನೇಶ್ವರ, ಇದೊಂದು ಸಲ ಕಾಪಾಡಪ್ಪ...

...ಬಂತು. ಮಂಕಾಗಿದೆ, ರಾಗಿ ಚೆಲ್ಲಿದ ಹಾಗೆ ಚುಕ್ಕಿ ಚುಕ್ಕಿ. ಇರ್ಲಿ, ಹಳೇದ್ರಲ್ಲೂ ಹೀಗೇ ಇತ್ತು. ಮನೆ ಇದೆ ಸಿದ್ರಾಮ! ಶಿವಲಿಂಗಮ್ಮನ ಮನೆ, ಪಕ್ಕದಲ್ಲಿ ಹುಲ್ಲಿನ ಬಣವೆ... ನೋಡಿ ಅತ್ತೆ, ಯಾರೂ ಕೆಡವಿಲ್ಲ ಅಂದ್ನಲ್ಲ?... ಅಯ್ಯೋ, ಇದ್ಯಾಕೋ ಹೀಗೆ ಓಡುತ್ತೆ? ಬೆರಳಿಟ್ರೆ ಸಾಕು, ಹೋಗಿ ಗೋಡೆಗೆ ಗುದ್ದುತ್ತೆ. ‘ನಿಧಾನ ಓಗೇ, ಕಾಲು ನೋಯ್ತವೆ’ ಅಂತಿದಾರೆ... ಶಿಫ್ಟ್ ಕೀ ಒತ್ತಿ ಹಿಡ್ಕೊಂಡ್ರೆ ನಿಧಾನ ನಡೆಯುತ್ತಾ? ಹಾಂ... ಹಾಂ, ಈಗ ಸರಿ ಹೋಯ್ತು.

...ಇಳೀಬೇಕಾ? ಗೇಟ್ ಬಂತಾ? ಒಂದೇ ನಿಮಿಷ ಇರಪ್ಪ, ಫೋನ್ ಇಡ್ಬೇಡ, ಜಗಲಿ ಮುಟ್ಟೋವರೆಗೂ ಇರು. ಬಾವಿ ದಾಟಿದ್ವಿ... ಬಂದೇ ಬಿಡ್ತು ಅತ್ತೆ. ಚಪ್ಪಲಿ ಬಿಟ್ರು. ತಲೆ ಬಗ್ಗಿಸ್ತಿದಾರೆ ಸಿದ್ರಾಮ, ಆ ಗಿಡ್ಡ ಬಾಗಿಲಿಗೆ... ಇಲ್ಲ ಅತ್ತೆ, ತೆಗೆಯಕ್ಕಾಗಲ್ಲ, ಬೀಗದ ಕೈ ಮಾವನ ಹತ್ರ...

...ಅಯ್ಯೋ! ಕರೆಂಟ್! ಕರೆಂಟ್ ಹೋಯ್ತು ಸಿದ್ರಾಮ! ಸ್ಕ್ರೀನೂ ಹೋಯ್ತು, ಲೈಟೂ ಹೋಯ್ತು, ಗವ್ ಅಂತಿದೆ ಕತ್ಲು. ಬಾಗಿಲ ಹತ್ರ ತಂದು ಹೀಗಾಯ್ತಲ್ಲೋ, ಇನ್ನು ಇವರನ್ನ ಹಿಡಿಯೋಕಾಗಲ್ಲ ನನ್ನ ಕೈಲಿ. ಏನ್ ಮಾಡ್ಲೋ?... ಅತ್ತೆ, ಹೆದರ್ಬೇಡಿ, ಅತ್ತೆ...

...ಏನತ್ತೆ? ಏನಂದ್ರಿ?

...ಸಿದ್ರಾಮ. ಕೇಳಿಸ್ತೇನೋ? ‘ನಿಮ್ಮಾವ ಬಂದ್ರು, ಬಾಗ್ಲು ತಗುದ್ರು’ ಅಂತಿದಾರೆ... ಹೂಂ ಕಣೋ, ಒಳಗೆ ಬಂದ್ಬಿಟ್ಟಿದಾರೆ. ಆ ಹಳೇ ಮನೆ ನಡುಮನೇಲಿ ಹಗಲು ಹೊತ್ತಲ್ಲೂ ಹೀಗೇ ಕತ್ಲು ಇರ್ತಿತ್ತು, ನೀನು ನೋಡಿಲ್ಲ. ದೀಪ ಹಚ್ಚು, ನಿಮ್ಮಾವಂಗೆ ತಟ್ಟೆ ಇಡು, ನಂಗೂ ಇಡು ಅಂತಿದಾರೆ.

...ಬಂದೆ ಅತ್ತೆ, ಬೆಂಕಿಪೊಟ್ಟಣ ಹುಡುಕ್ತಿದೀನಿ... ಹಾಂ? ಯಾರ ಜೊತೆ ಮಾತಾ? ನಮ್ಮ ಸಿದ್ರಾಮ ಅತ್ತೆ, ಹಿಂದಿನ ರೂಮಲ್ಲಿದ್ನಲ್ಲ... ಸಿದ್ರಾಮ, ‘ಒರಗ್ಯಾಕೆ ನಿಂತವ್ನೆ, ಒಳಕ್ಕೆ ಬಾ ಅನ್ನು’ ಅಂತಿದಾರೆ ಕಣೋ... ಸಿದ್ರಾಮ? ಇದೀಯಾ?... ಹಲೋ?... ಹಲೋ...