ಆ ಮುದುಕಿಯ ಏಳು ಗ್ಲಾಸು

...ಇಲ್ಲ ಅಂದೆನಲ್ಲ ಆಲ್ಮುಟ್, ಇನ್ನೆಷ್ಟು ಸಲ ಕೇಳ್ತೀಯ? ನಿನ್ನಮ್ಮ ಈ ಬಾಗಿಲಿಗೆ ಬರಲಿಲ್ಲ. ಇಗೋ ಬಾಗಿಲ ಪುಸ್ತಕ, ನೀನು ಬಂದಾಗಿನಿಂದ ಎಲ್ಲ ಇದರಲ್ಲಿದೆ. ಗಂಟೆ ಒತ್ತಿದವರು, ಒಳಗೆ ಬಿಟ್ಟವರು, ಹೊರಗಟ್ಟಿದವರು, ಎಲ್ಲ ನನ್ನ ಕೈಬರಹ. ಬಾನ್ ಯೂನಿವರ್ಸಿಟಿಯಲ್ಲಿ ಇತಿಹಾಸ ಓದಿದವಳು ನಾನು, ಮನಸ್ಸಿಗೆ ಬಂದಂತೆ ಗೀಚಿದ್ದಲ್ಲ. ಮೂವತ್ತು ವರ್ಷದಲ್ಲಿ ಈ ರೋಸ್ವಿಥಾ ಬರೆದಿಡದೆ ಯಾವ ಹೆಂಗಸೂ ಈ ಹೊಸ್ತಿಲು ದಾಟಿಲ್ಲ. ಓದು, ಬೇಕಾದರೆ.

ಮೊದಲು ಕುಡಿ. ಬಾರು ತೆರೆಯೋಕೆ ಇನ್ನೂ ಹೊತ್ತಿದೆ, ಯಾರೂ ಬರಲ್ಲ.

ನಾಳೆ ಅಮ್ಮನನ್ನು ಮಣ್ಣು ಮಾಡ್ತಾರೆ ಅಂದೆಯಲ್ಲ, ಹೋಗಬೇಡ. ಅಮ್ಮ ಒಂದೇ ಒಂದು ಸಲ ನನ್ನನ್ನು ಹುಡುಕಿಕೊಂಡು ಬಂದಿದ್ದರೂ ಹೋಗಿ ಹಿಡಿ ಮಣ್ಣು ಹಾಕ್ತೀನಿ ಅಂತ ನೀನೇ ಹೇಳಿದೆ, ಈಗ ತಾನೆ. ಬರಲಿಲ್ಲ. ಮುಗೀತು.

...ಯಾಕೆ ನಗ್ತೀಯ? ಓ, ಆ ಸ್ಟೂಲು. ಹೌದು, ನೀನು ಮೊದಲ ರಾತ್ರಿ ಕೂತಿದ್ದು ಅದರ ಮೇಲೇ. ಬೆಟ್ಟದ ಹಳ್ಳಿಯಿಂದ ಕೊಲೋನಿಗೆ ಬಂದು, ಹೆಂಗಸರನ್ನೇ ಪ್ರೀತಿಸೋ ನಮ್ಮಂಥವರು ಎಲ್ಲಿ ಸೇರ್ತಾರೆ ಅಂತ ಕೇಳೋಕೂ ಬಾಯಿಲ್ಲದೆ ಮೂರು ರಾತ್ರಿ ಅಲೆದಿದ್ದೆ. ಮೊದಲು ನುಗ್ಗಿದ್ದು ಚರ್ಮದ ಉಡುಪಿನ ಗಂಡಸರ ಬಾರಿಗೆ. ಅವರೇ ಅಯ್ಯೋ ಪಾಪ ಅಂತ ಸೇಬಿನ ರಸ ಕುಡಿಸಿ ಕಳಿಸಿದರು. ಎರಡನೇ ರಾತ್ರಿ ಹೆಣ್ಣುವೇಷದ ಹಾಡುಗಾರರ ಅಡ್ಡೆ. ನಿನ್ನ ಗೊಬ್ಬರ ಮೆತ್ತಿದ ಬೂಟು ನೋಡಿ ವೇದಿಕೆಯಿಂದಲೇ ಗೇಲಿ ಮಾಡಿದರಂತೆ. ಮೂರನೇ ರಾತ್ರಿ ನನ್ನ ಗಂಟೆ ಒತ್ತಿದೆ. ಕಿಂಡಿಯಲ್ಲಿ ನೋಡಿದರೆ ಒದ್ದೆ ನಾಯಿಮರಿ, ಎಡಗೈ ಜೇಬಿನಲ್ಲಿ ಬಚ್ಚಿಟ್ಟುಕೊಂಡು ನಿಂತಿದೆ. ಒಂದು ಬೆರಳು ಕಮ್ಮಿ ಇದ್ದರೇನು, ಟ್ರೇ ಹಿಡಿಯೋಕೆ ಸಾಕು ಅಂದುಕೊಂಡೆ. ಕರುಣೆ ಅಂದುಕೊಂಡಿದ್ದೆಯಾ? ಕೆಲಸಕ್ಕೆ ಜನ ಬೇಕಿತ್ತು ಕಣೇ. ಮೇಲಿನ ಕೋಣೆ ಕೊಟ್ಟೆ, ಆಮೇಲೆ ನನ್ನ ಹಾಸಿಗೆಯಲ್ಲೂ ಜಾಗ ಕೊಟ್ಟೆ. ಆರು ವರ್ಷ. ಅಷ್ಟು ವರ್ಷವೂ ಅಮ್ಮನಿಗೆ ಇಲ್ಲಿಯ ವಿಳಾಸ ಹಾಕಿ ಕಾಗದ ಬರೆಯೋದು, ಉತ್ತರ ಬರಲಿಲ್ಲ ಅಂತ ಮೂತಿ ಊದಿಸಿಕೊಂಡು ಗ್ಲಾಸು ತೊಳೆಯೋದು...

ಅಳಬೇಡ. ನಗೋ ಮಾತು ಹೇಳ್ತೀನಿ, ಕೇಳು. ಒಂದು ಗುರುವಾರ ಮಧ್ಯಾಹ್ನ, ನೀನು ಹಲ್ಲು ಕೀಳಿಸಿಕೊಳ್ಳೋಕೆ ಹೋಗಿದ್ದೆ, ಒಂದು ಮುದುಕಿ ಬಂತು. ಚರ್ಚಿಗೆ ಹೊರಟ ಹಾಗೆ ಟೋಪಿ ಬೇರೆ. ಕೂರಿಸಿ ಬಿಯರ್ ಕೊಟ್ಟೆ. ಗ್ಲಾಸು ಖಾಲಿಯಾದರೆ ಇನ್ನೊಂದು ತಾನಾಗಿ ಬರುತ್ತೆ, ಸಾಕು ಅನ್ನೋಕೆ ಗ್ಲಾಸಿನ ಅಡಿಯ ರಟ್ಟನ್ನು ತೆಗೆದು ಅದರ ಬಾಯಿ ಮುಚ್ಚಬೇಕು... ಇದು ಈ ಊರಿನ ಕೂಸಿಗೂ ಗೊತ್ತು, ಅದಕ್ಕೆ ಗೊತ್ತಿಲ್ಲ. ಮನೆಯವಳು ಉಪಚಾರ ಮಾಡ್ತಿದ್ದಾಳೆ, ಬಿಟ್ಟರೆ ಅವಮರ್ಯಾದೆ ಅಂದುಕೊಂಡು ಪ್ರತಿ ಸಲವೂ ಎದ್ದು ನಿಂತು ವಂದನೆ ಹೇಳಿ, ಹನಿ ಬಿಡದೆ ಕುಡೀತಿತ್ತು. ನಾನು ತಂದಿಡ್ತಾನೇ ಇದ್ದೆ. ಏಳು! ಇದ್ದ ನಾಲ್ಕು ಜನ ಜೋರಾಗಿ ಎಣಿಸ್ತಿದ್ದರು. ಕೊನೆಗೆ ಟೋಪಿ ಒಂದು ಕಡೆ, ಅದೊಂದು ಕಡೆ. ಏನೋ ಕೇಳೋಕೆ ಬಾಯಿ ತೆಗೆದರೆ ನಾಲಗೆ ಹೊರಳಲ್ಲ. ಆ ನಾಲ್ಕು ಜನವೇ ಎತ್ತಿಕೊಂಡು ಹೋಗಿ ಐದು ಗಂಟೆಯ ರೈಲಿಗೆ ಹಾಕಿ ಬಂದರು. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ನಾಚಿಕೆ ಆಗಿರಬೇಕು.

ನಗೆ ಬರಲಿಲ್ಲವಾ?

ಯಾಕೆ ಬಂದಿತ್ತು ಅಂದರೆ... ಏನೋ ಮಾರೋಕೆ. ಉಣ್ಣೆ ಕೈಗವಸು. ಹೆಣೆಯೋಕೂ ಬರ್ತಿರಲಿಲ್ಲ ಅದಕ್ಕೆ. ಒಂದು ಜೊತೆ ಇಲ್ಲೇ ಬಿಟ್ಟು ಹೋಗಿತ್ತು. ಬಲಗೈಯದು ಸರಿಯಾಗಿದೆ, ಎಡಗೈಯದಕ್ಕೆ ಕಿರುಬೆರಳೇ ಇಲ್ಲ, ಅಚ್ಚುಕಟ್ಟಾಗಿ ಹೊಲಿದು ಮುಚ್ಚಿ...

...

ಪುಟ ಯಾಕೆ ತಿರುವ್ತೀಯ? ಆ ಗುರುವಾರ ಸಿಗಲ್ಲ. ಬರೆದಿಲ್ಲ. ಅದೊಂದು ದಿನ ಬರೆದಿಲ್ಲ, ಏನೀಗ?

ಮಾತಾಡು. ಬೈಯೋದಾದರೂ ಬೈ.

ಹೊರಟುಬಿಡ್ತಿದ್ದೆ ನೀನು, ಅವಳ ಹಿಂದೆ, ಅದೇ ರೈಲಿಗೆ. ನಾನೇನು ಮಾಡಬೇಕಿತ್ತು...

ರಟ್ಟು ಯಾಕೆ ತಗೊಂಡೆ? ಆಲ್ಮುಟ್, ಗ್ಲಾಸಿನಲ್ಲಿ ಇನ್ನೂ ಅರ್ಧ ಇದೆ. ಮುಚ್ಚಬೇಡ. ಆ ಕೈ ತೆಗಿ ಅದರ ಮೇಲಿಂದ... ಆ ಕೈ ತೆಗಿ.